ಕೊಬ್ರಿ-ತೊಗ್ರಿ: ಕ್ಯಾತ್ಸಂದ್ರದ ಒಂದು ರೂಮಿನಲ್ಲಿ ಕೂಡಿದ ಎರಡು ದನಿ

ಕಾಲೇಜು ಓದಲು ತುಮಕೂರು ಪಕ್ಕದ ಕ್ಯಾತ್ಸಂದ್ರಕ್ಕೆ ಬಂದ ಮೊದಲ ಸಂಜೆ ಬಟ್ಟೆ ಒಣಗಹಾಕಲು ಮಹಡಿ ಹತ್ತಿದ್ದೆ. ಕೆಳಗಿನಿಂದ ಒಬ್ಬ ಹುಡುಗಿ ಕೂಗಿದಳು: "ಏಯ್, ಒಳಕ್ ಬಾರೇ! ಬೆಟ್ಟದ್ ಕಡೆಯಿಂದ ಚಿರತೆ ಇಳ್ದೈತಂತೆ!"

ತಮಾಷೆ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯವರು ನಾಯಿಯನ್ನು ದರದರ ಎಳೆದುಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡರು. ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿದೆ. ನಮ್ಮ ಆಳಂದದ ಕಡೆ ನೆಲ ಚಪ್ಪಟೆ. ತೊಗರಿ ಹೊಲದ ಬದುವಿನ ಮೇಲೆ ನಿಂತರೆ ಎತ್ತಾಗಲಿ, ಬಸ್ಸಾಗಲಿ, ಮಳೆಯಾಗಲಿ, ಬರುವುದೆಲ್ಲ ದೂರದಿಂದಲೇ ಕಾಣುತ್ತದೆ. ಇಲ್ಲಿ ಎಲ್ಲಿ ನೋಡಿದರೂ ಬಂಡೆ, ಪೊದೆ, ಬೆಟ್ಟ. ಬರುವುದು ಮೈಮೇಲೆ ಬೀಳುವವರೆಗೂ ಕಾಣುವುದಿಲ್ಲ.

ಕೂಗಿದವಳು ಪವಿತ್ರ, ನನ್ನ ರೂಮ್‌ಮೇಟ್. ಕುಣಿಗಲ್ ತಾಲೂಕಿನ ಅಮೃತೂರಿನವಳು. ನಾನು ಒಳಗೆ ಬಂದ ಕೂಡಲೇ ಬಾಗಿಲು ಹಾಕಿ ನೀರು ಕೊಟ್ಟಳು.

"ದಿಗ್ಲಾಯ್ತಾ?"

"ಭಾಳ ಅಂಜಿಕಿ ಆಗ್ಲಿಕತ್ತದ," ಅಂದೆ.

ಅವಳು ನಕ್ಕಳು. ದಿಗಿಲು ಅಂದರೆ ಇಲ್ಲಿ ಹೆದರಿಕೆ. ಆದರೆ ನಮ್ಮ ಅಂಜಿಕೆಗೂ ಇವರ ದಿಗಿಲಿಗೂ ವ್ಯತ್ಯಾಸವಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಅಂಜಿಕೆ ಮನಸ್ಸಿನಲ್ಲಿ ಬಹಳ ದಿನ ಕೂತಿರುತ್ತದೆ. ದಿಗಿಲು ಒಮ್ಮೆಲೇ ಎದೆಗೆ ಬಂದು ಬಡಿಯುತ್ತದೆ.

ಕಾಲೇಜಿನಲ್ಲಿ ನನ್ನನ್ನು ಕಾಡಿದ್ದು ಅಂಜಿಕೆ. ಮೊದಲ ವಾರ ಎದ್ದು ನಿಂತು "ನನಗ ತಿಳೀಲಿಲ್ರಿ ಸರ್" ಅಂದದ್ದಕ್ಕೆ ಕ್ಲಾಸೆಲ್ಲ ನಕ್ಕಿತ್ತು. ಕೆಟ್ಟ ನಗುವೇನಲ್ಲ. ಆದರೂ ಅಂದಿನಿಂದ ಅಂಗಡಿಗೆ ಸೋಪು ಕೇಳಲು ಹೋಗುವಾಗಲೂ ಮಾತನ್ನು ಇವರ ಕನ್ನಡಕ್ಕೆ ತಿರುಗಿಸಿ, ಬಾಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದೆ. ರೊಟ್ಟಿ ಕಟಕಟ ಕಡಿದು ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗಬೇಕು ಅನ್ನುವುದೂ ಹೆದರಿಕೆಯೇ ಆಗಿತ್ತು, ಗಂಟಲಲ್ಲಿ ಸಿಕ್ಕಿಕೊಂಡರೆ ಅಂತ. ಗುರುತಿನವರಿಲ್ಲದ ಊರಲ್ಲಿ ಸತ್ತರೆ ಯಾರಿಗೆ ಫೋನ್ ಮಾಡುತ್ತಾರೆ ಅಂತೆಲ್ಲ ಯೋಚಿಸುತ್ತಿದ್ದೆ. ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಹಾಡುವಾಗ ಮಾತ್ರ ನಾಲಿಗೆ ತಡವರಿಸುತ್ತಿರಲಿಲ್ಲ. ಒಮ್ಮೆ ಪಾತ್ರೆ ತೊಳೆಯುತ್ತ ನಮ್ಮಜ್ಜಿ ತೊಗರಿ ಕೇರುವಾಗ ಹಾಡುತ್ತಿದ್ದ ಪದವೊಂದನ್ನು ಗುನುಗುತ್ತಿದ್ದೆ. ಪವಿ ಗಿಟಾರ್ ಹಿಡಿದುಕೊಂಡು ಬಂದು ಬಾಗಿಲಲ್ಲಿ ಕೂತಳು. "ನಿಲ್ಲುಸ್ಬೇಡ ಕಣೇ, ಇನ್ನೊಂದ್ಸಲ ಹೇಳು," ಅಂದಳು. ನಾನು ಹಾಡಿದೆ, ಅವಳು ತಂತಿಯ ಮೇಲೆ ಅದರ ಸ್ವರ ಹುಡುಕಿದಳು. ಸ್ವಲ್ಪ ಹೊತ್ತಿಗೆ ತನ್ನ ಕಡೆಯ ಮಾತಿನಲ್ಲಿ ಎರಡು ಸಾಲು ತಾನೇ ಸೇರಿಸಿದಳು. ಹೀಗೆ ಒಂದೇ ಹಾಡಿನಲ್ಲಿ ಅವಳ ಮಾತು, ನನ್ನ ಮಾತು ಎರಡೂ ಸೇರಿಕೊಂಡವು. ಅವರ ತೋಟದ ತೆಂಗು, ನಮ್ಮ ಹೊಲದ ತೊಗರಿ ನೆನೆದು ಜೋಡಿಗೆ 'ಕೊಬ್ರಿ-ತೊಗ್ರಿ' ಅಂತ ಹೆಸರಿಟ್ಟೆವು. ರಗ್ಗು ಹೊದ್ದುಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದೆವು. ಹೊರಗೆ ಹೈವೇಯ ಲಾರಿಗಳು ಸುಮ್ಮನಾದರೆ ಆ ದಿನ ನಮ್ಮ ಅದೃಷ್ಟ.

ಮೊದಲ ಕಾರ್ಯಕ್ರಮ ಗುಬ್ಬಿಯಲ್ಲಿ. ನಾಟಕ ನೋಡಿ ಬೆಳೆದ ಊರು, ಸುಮ್ಮನೆ ಚಪ್ಪಾಳೆ ತಟ್ಟುವವರಲ್ಲ ಅಂತ ಪವಿ ಮೊದಲೇ ಹೆದರಿಸಿದ್ದಳು. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. "ನಿನ್ ಮಾತು ಅರ್ಧ ಅರ್ಥ ಆಗ್ಲಿಲ್ಲ ಕಣವ್ವ," ಅಂದರು. "ಆದ್ರೂ ಬುಡಬೇಡ. ಅದ್ನೇ ಹಾಡು." ಆ ರಾತ್ರಿ ವಾಪಸ್ ಬರುವ ದಾರಿಯಲ್ಲಿ ಅವ್ವನಿಗೆ ಫೋನ್ ಮಾಡಿ ನಮ್ಮೂರ ಮಾತಿನಲ್ಲೇ ಜೋರಾಗಿ ಮಾತಾಡಿದೆ. ಬಸ್ಸಿನಲ್ಲಿದ್ದವರು ತಿರುಗಿ ನೋಡಿದರೂ ದನಿ ತಗ್ಗಿಸಲಿಲ್ಲ.

ಓದು ಮುಗಿದ ಮೇಲೆ ನಾನು ತುಮಕೂರಿನಲ್ಲೇ ಶಾಲೆಯೊಂದರಲ್ಲಿ ಟೀಚರ್ ಆದೆ. ಪವಿಗೂ ಅಲ್ಲೇ ಆಫೀಸ್ ಕೆಲಸ ಸಿಕ್ಕಿತು. ರೂಮು ಬಿಡಲಿಲ್ಲ. ಮುಂದೊಂದು ದಿನ ಬೆಂಗಳೂರಿನ ಒಂದು ದೊಡ್ಡ ವೇದಿಕೆಯಿಂದ ಶನಿವಾರ ಹಾಡಲು ಕರೆ ಬಂತು.

ಆ ವಾರವೇ ಒಂದು ಬೆಳಿಗ್ಗೆ ಪವಿ ಹಾಸಿಗೆಯಿಂದಲೇ ಗೊಣಗಿದಳು: "ಆ ಫ್ಯಾನ್ ಆಫ್ ಮಾಡೇ, ಗುಂಯ್ ಅಂತೈತೆ."

ಫ್ಯಾನ್ ಹಾಕಿರಲೇ ಇಲ್ಲ. ಕರೆಂಟೇ ಇರಲಿಲ್ಲ.

"ಎಡಗಿವಿ ಕಟ್ಕೊಂಡಂಗೈತೆ. ಗುಗ್ಗೆ ಇರ್ಬೇಕು ಬುಡು," ಅಂದಳು. ಕಿವಿಯ ಕೊಳೆಗೆ ಇವರು ಗುಗ್ಗೆ ಅನ್ನುತ್ತಾರೆ. ಗಿಟಾರ್ ಶ್ರುತಿ ಮಾಡಲು ಕೂತಳು, ಮತ್ತೆ ಮತ್ತೆ ತಿರುಚಿದಳು. ನಾನು ಅವಳ ಬೆನ್ನ ಹಿಂದೆ ಎಡಕ್ಕೆ ನಿಂತು ಮೆಲ್ಲಗೆ ನಮ್ಮ ಹಾಡು ತೆಗೆದೆ. ಅವಳು ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಹಾಡಿದೆ. ಆಗ ಅವಳು ಬಲಕ್ಕೆ ತಿರುಗಿ ನನ್ನನ್ನು ಹುಡುಕಿದಳು. ದಿಗಿಲು ಅಂದರೇನು ಅಂತ ನನಗೆ ಅವತ್ತು ಗೊತ್ತಾಯಿತು.

"ನಡಿ, ದವಾಖಾನಿಗೆ ಹೋಗೂಣು."

"ಶನಿವಾರ ಪ್ರೋಗ್ರಾಂ ಮುಗುಸ್ಕೊಂಡ್ ಹೋಗಣ ಕಣೇ. ಈಗ ಡಾಕ್ಟ್ರು ಬೇಡ ಅಂದ್‌ಬುಟ್ರೆ?"

"ಅನ್ಲಿ! ನಿನಗ ಕಿವಿ ಬೇಕೋ, ಶನಿವಾರ ಬೇಕೋ?"

ನಾನು ಅವಳ ಮೇಲೆ ಕೂಗಿದ್ದು ಅದೇ ಮೊದಲು. ಆಟೋದಲ್ಲಿ ಅವಳು ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಗುಗ್ಗೆಯಲ್ಲ ಅಂದರು. ಒಳಗಿನ ನರಕ್ಕೆ ಪೆಟ್ಟಾಗಿದೆ, ಕೆಲವರಿಗೆ ಹೀಗೆ ಕಾರಣವೇ ಗೊತ್ತಾಗದೆ ಆಗುತ್ತದೆ. "ತಡ ಮಾಡ್ದೆ ಬಂದಿದ್ದು ಒಳ್ಳೇದಾಯ್ತು. ಆದ್ರೆ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ." ಮಾತ್ರೆ, ಕಿವಿಯೊಳಕ್ಕೆ ಇಂಜೆಕ್ಷನ್ ಶುರುವಾದವು. ಬೆಂಗಳೂರಿಗೆ ಬರುವುದಿಲ್ಲ ಅಂತ ನಾನೇ ಫೋನ್ ಮಾಡಿ ಹೇಳಿದೆ.

ಪವಿ ಅಮೃತೂರಿಗೆ ಹೋದಳು. ರೂಮಿನಲ್ಲಿ ನಾನೊಬ್ಬಳೇ. ಆಗ ಹುಟ್ಟಿದ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ: ಅವಳಿಲ್ಲದಿದ್ದರೆ ಈ ಊರಿನಲ್ಲಿ ನನ್ನದು ಅನ್ನುವುದು ಏನಿದೆ? ತಟ್ಟೆ ಇಡ್ಲಿ ಅಂಗಡಿಯವರು ಕೂಡ "ಇನ್ನೊಬ್ರೆಲ್ಲಿ?" ಅಂತಲೇ ಕೇಳುತ್ತಿದ್ದರು. ಅವ್ವ ಫೋನಿನಲ್ಲಿ, "ಅಲ್ಲಿ ಯಾರದಾರ ನಿನಗ? ವಾಪಸ್ ಬಾ. ಇಲ್ಲೂ ಸಾಲಿ ಅದಾವ," ಅಂದಳು.

ರಜೆಯ ದಿನ ಖಾಸಗಿ ಬಸ್ಸು ಹಿಡಿದು ಅಮೃತೂರಿಗೆ ಹೋದೆ. ಪವಿಯ ಅಮ್ಮ ಸಾವಿತ್ರಮ್ಮ ಗೇಟಿನ ಹತ್ತಿರವೇ ತಡೆದರು. "ಗಿಟಾರ್ ಮುಟ್ಟಿಲ್ಲ ಕಣವ್ವ. ಮಂಚದ ಕೆಳಗ್ ತಳ್ಬುಟ್ಟವಳೆ. ಎಲ್ಲಾದ್ರೂ ಕರ್ಕೊಂಡ್ ಹೋಗು."

ಮಾರ್ಕೋನಹಳ್ಳಿ ಜಲಾಶಯದ ಏರಿಯ ಮೇಲೆ ಇಬ್ಬರೂ ನಡೆದೆವು. ನಮ್ಮೂರಿನವರು ಅಷ್ಟು ನೀರನ್ನು ಒಂದೇ ಕಡೆ ಕಂಡರೆ ಕೈ ಮುಗಿದಾರು. ನನಗೆ ನೋಡಿದರೆ ತಲೆ ಸುತ್ತುತ್ತಿತ್ತು. ಹಿಂದಿನಿಂದ ಬೈಕೊಂದು ಹಾರ್ನ್ ಮಾಡಿತು. ಪವಿ ತಪ್ಪಿಸಿಕೊಳ್ಳಲು ಹೋಗಿ ಅದರ ದಾರಿಗೇ ಅಡ್ಡ ಬಂದಳು. ನಾನು ತೋಳು ಹಿಡಿದು ಎಳೆದೆ. ಬೈಕು ದಾಟಿ ಹೋಯಿತು. ಅವಳು ಏರಿಯ ಕಲ್ಲಿನ ಮೇಲೆ ಕುಸಿದು ಕೂತಳು.

"ಸದ್ದು ಯಾವ್ ಕಡೆಯಿಂದ ಬತ್ತೈತೆ ಅಂತ್ಲೇ ಗೊತ್ತಾಗಲ್ಲ ಕಣೇ. ನಿನ್ ದನಿ ಎಲ್ಲೈತೆ ಅಂತ ಗೊತ್ತಾಗ್ದೆ ಹೆಂಗ್ ನುಡ್ಸಲಿ?"

ಸಮಾಧಾನ ಹೇಳಲು ನನಗೆ ಬರಲಿಲ್ಲ. ಎದ್ದು ಅವಳ ಬಲಕ್ಕೆ ಬಂದು ಕೂತೆ. "ಇಲ್ಲಿ ಅದ. ಇನ್ನ ಮ್ಯಾಲ ಯಾವಾಗ್ಲೂ ಇಲ್ಲೇ ಇರ್ತದ," ಅಂದು ಹಾಡು ತೆಗೆದೆ. ಭಯದಲ್ಲಿ ದನಿ ಒಡೆಯಿತು. ಅವಳು ಬಲಗಿವಿಯನ್ನು ನನ್ನತ್ತ ವಾಲಿಸಿದಳು. ಆಮೇಲೆ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದಳು. "ಒಡ್ದ್ ದನಿ, ಒಂದ್ ಕಿವಿ. ಚೆನ್ನಾಗೈತೆ ಜೋಡಿ," ಅಂದಳು.

ಪವಿ ರೂಮಿಗೆ ಮರಳಿದಳು, ಕಿವಿ ಮಾತ್ರ ಪೂರ್ತಿ ಮರಳಲಿಲ್ಲ. ಎಡಕ್ಕೆ ಈಗಲೂ ಗೋಡೆಯಾಚೆಯ ಮಾತಿನಷ್ಟೇ ಕೇಳುತ್ತದಂತೆ. ಗುಬ್ಬಿಯಲ್ಲಿ ಮತ್ತೆ ಹಾಡಿದೆವು. ಮೊದಲ ಹಾಡನ್ನು ಅವಳು ತಪ್ಪಾಗಿ ಎತ್ತಿಕೊಂಡಳು, ನಿಲ್ಲಿಸಿದಳು, ಬಲಕ್ಕೆ ತಿರುಗಿ ನನ್ನ ಬಾಯಿ ನೋಡಿದಳು, ಮತ್ತೆ ಶುರು ಮಾಡಿದಳು. ಯಾರೂ ಎದ್ದು ಹೋಗಲಿಲ್ಲ. ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಪ್ರತಿ ಬೆಳಿಗ್ಗೆ ಅವಳು ಎದ್ದ ಕೂಡಲೇ ಏನಾದರೊಂದು ಕೇಳುತ್ತೇನೆ, ಬಲಗಿವಿ ಉತ್ತರ ಕೊಡುತ್ತದೋ ಇಲ್ಲವೋ ಅಂತ. ಅವಳಿಗೂ ಅದು ಗೊತ್ತು. "ಕೇಳುಸ್ತು ಬುಡೇ," ಅನ್ನುತ್ತಾಳೆ.

ಈ ಸಲ ಎಳ್ಳಮಾಸಿಗೆ, ಹೊಲಕ್ಕೆ ಬುತ್ತಿ ಒಯ್ದು ಉಣ್ಣುವ ಎಳ್ಳು ಅಮಾವಾಸ್ಯೆಗೆ, ಊರಿಗೆ ಬಂದಿದ್ದೆ. ಅವ್ವನ ಜೊತೆ ಹೊಲಕ್ಕೆ ನಡೆಯುತ್ತಿದ್ದೆ. ಅವಳು ಬುತ್ತಿಯನ್ನು ಬಲಗೈಗೆ ಬದಲಿಸಿಕೊಂಡಳು; ಬುತ್ತಿ ಮೈಗೆ ತಗಲುತ್ತಿದ್ದರೂ ನಾನು ಅದೇ ಬದಿಗೆ ನಡೆದೆ. ಅವ್ವ ನಿಂತಳು.

"ಯಾಕವ್ವ, ಬಲಕ್ಕೇ ಬಂದು ಹಾಯಲಿಕತ್ತೀದಿ? ಈ ಕಡಿ ಬಾ. ನನ್ನವು ಎರಡೂ ಕಿವಿ ಚಲೋ ಅದಾವ."

ಎಡಕ್ಕೆ ಬಂದೆ. ಆ ಬದಿಗೆ ನಡೆಯುವ ರೂಢಿಯೇ ತಪ್ಪಿಹೋಗಿತ್ತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹುಟ್ಟಿದೂರಿನ ದಾರಿಯಲ್ಲೇ ಕಾಲು ತೊಡರಿತು.