ಅಂಚು ಹೆರೆಯುವ ನಿಲ್ದಾ

ಅಯಾಕುಚೊ ಊರಾಚೆಯ ಕೊಟ್ಟಿಗೆಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ, ನಿಲ್ದಾ ಎಚೆವೆರ್ರಿಗೆ ಆಗಲೇ ತಲೆ ಕೆಟ್ಟಿದೆ. ಇಬ್ಬನಿಗೆ ಮೆತ್ತಗಾಗಲಿ ಎಂದು ಹುಲ್ಲಿನ ಮೇಲೆ ಹಾಸಿಟ್ಟಿದ್ದ ಎಂಟು ಹಸಿತೊಗಲಿನ ಎಳೆಗಳಲ್ಲಿ ಒಂದೂ ಜಾಗದಲ್ಲಿಲ್ಲ. ಮೂಲೆಯಲ್ಲಿ ಮೈದುನ ಒಸ್ಮಾರ್ ಸಿಳ್ಳೆ ಹಾಕುತ್ತ, ಅವನ್ನೇ ಕುದುರೆಯ ತಲೆಪಟ್ಟಿಗೆ ಹೆಣೆಯುತ್ತಿದ್ದಾನೆ.

"ಅದರ ಅಂಚು ಹೆರೆದಿಲ್ವಲ್ಲೋ."

"ಇದೊಂದ್ಸಲ ನಡೆಯುತ್ತೆ ಬಿಡಿ ಅತ್ತಿಗೆ. ಮಧ್ಯಾಹ್ನಕ್ಕೆ ಬಾಲ್ದೊಮೆರೊ ಕುದುರೆ ತರ್ತಾನೆ. ಎಲ್ಲ ಹೆಣಿಗೆ ನೋಡ್ತಾರೆ, ಅಂಚು ಯಾರು ನೋಡ್ತಾರೆ?"

"ಕುದುರೆ ನೋಡುತ್ತೆ. ಬಿಚ್ಚು."

ಒಣಗಿದ ತೊಗಲಿನ ಅಂಚು ಚಾಕುವಿದ್ದಂತೆ. ಕೂದಲಿದ್ದ ಬದಿಯ ಎರಡೂ ಅಂಚನ್ನು ಓರೆಯಾಗಿ ಹೆರೆದರಷ್ಟೇ ಎಳೆಗಳು ಒಂದಕ್ಕೊಂದು ಒರಗಿ ನುಣ್ಣಗೆ ಕೂರುತ್ತವೆ. ಎರಡು ವರ್ಷದ ಹಿಂದೆ ಒಸ್ಮಾರ್ ಹೀಗೇ ಅವಸರದಲ್ಲಿ ಹೆಣೆದುಕೊಟ್ಟ ಪಟ್ಟಿ, ಬಾಲ್ದೊಮೆರೊನ ಹೆಣ್ಣುಕುದುರೆಯ ಕಿವಿ ಹಿಂದೆ ಕುಯ್ದುಬಿಟ್ಟಿತು. ಅಂದಿನಿಂದ ಅದು ತಲೆ ಮುಟ್ಟಗೊಡುವುದಿಲ್ಲ. ಈ ಪಟ್ಟಿಯನ್ನೂ ಹಾಕಿಸಿಕೊಳ್ಳದಿದ್ದರೆ ಕಸಾಯಿಖಾನೆಗೇ ಎಂದು ಅವನು ಹೇಳಿಹೋಗಿದ್ದಾನೆ.

ಒಸ್ಮಾರ್ ಗೊಣಗುತ್ತ ಗೇಣುದ್ದ ಹೆಣಿಗೆ ಬಿಚ್ಚುತ್ತಾನೆ. ನಿಲ್ದಾ ಎಡಗೈ ಬೆರಳಿಗೆ ಹಳೇ ಬೂಟಿನ ಚರ್ಮ ಸುತ್ತಿ, ಅದರ ಮೇಲೆ ಚಾಕು ಒತ್ತಿ ಹಿಡಿದು, ಬಲಗೈಯಲ್ಲಿ ಎಳೆ ಎಳೆಯುತ್ತಾಳೆ. ಚಾಕು ಕದಲಬಾರದು, ಎಳೆ ನಿಲ್ಲಬಾರದು. ಎಂಟು ಎಳೆ, ಒಂದೊಂದೂ ಮೂರು ಮೀಟರ್, ಒಂದೊಂದಕ್ಕೂ ಎರಡು ಅಂಚು. ಬಿಸಿಲೇರಿ ತೊಗಲು ಬಿರುಸಾಗುವ ಮೊದಲು ನಲವತ್ತೆಂಟು ಮೀಟರ್ ಮುಗಿಯಬೇಕು. ಅವಳು ಹೆರೆದು ಬಿಸಾಡುವ ಸಣ್ಣ ನೂಲಿನಿಂದಲೇ ಊರಿನ ಗುಬ್ಬಚ್ಚಿಗಳೆಲ್ಲ ಗೂಡು ಕಟ್ಟಿವೆಯಂತೆ. ಹೋದ ವರ್ಷದ ಬಿರುಗಾಳಿಗೆ ಮರ ಉರುಳಿದರೂ ಗೂಡು ಅಲ್ಲೇ ಗಾಳಿಯಲ್ಲಿ ನಿಂತಿತ್ತು ಎನ್ನುವವರಿದ್ದಾರೆ.

ಕೆಲಸ ಕಲಿಸಿದ್ದು ಅಪ್ಪ. "ಅಣ್ಣಂದಿರಿಗೆ ಹೆಣಿಗೆ ಹೇಳ್ಕೊಟ್ಟ, ನನಗೆ ಹೆರೆಯೋದು. ನಲವತ್ತೊಂದು ವರ್ಷ ಆಯ್ತು. ಪಟ್ಟಿ ಮೇಲೆ ಹೆಣೆದವನ ಗುರುತು ಹಾಕ್ತಾರೆ. ನಂದು ನೆಲದ ಮೇಲೆ ಉದುರುತ್ತೆ, ಗುಡಿಸೋದೂ ನಾನೇ," ಎನ್ನುತ್ತಾಳೆ. ಚಳಿಗಾಲದಲ್ಲಿ ಬೆರಳು ಮಡಚಲು ಬರುವುದಿಲ್ಲ. ಆಗ ಬಿಸಿ ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆಯನ್ನು ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡೇ ಕೂರುತ್ತಾಳೆ.

"ಮುಗೀತಾ ಅತ್ತಿಗೆ?"

"ಏಳನೇದು. ಬಾಯ್ಮುಚ್ಕೊಂಡು ಕೂತ್ರೆ ಎಂಟನೇದೂ ಆಗುತ್ತೆ."

ಮಧ್ಯಾಹ್ನ ಬಾಲ್ದೊಮೆರೊ ಕುದುರೆ ಹಿಡಿದು ಬರುತ್ತಾನೆ. ಒಸ್ಮಾರ್ ಹೆಣೆದು ಮುಗಿಸಿದ ಪಟ್ಟಿ ಕಂಡೊಡನೆ ಅದು ಹಿಂದೆ ಸರಿದು, ಬೇಲಿಗೆ ಒದೆಯುತ್ತದೆ. ನಿಲ್ದಾ ಅವನ ಕೈಯಿಂದ ಪಟ್ಟಿ ಕಿತ್ತುಕೊಂಡು ಮೊದಲು ತನ್ನ ಕೆನ್ನೆಗೆ ತೀಡಿ, ಆಮೇಲೆ ಅದರ ಕತ್ತಿಗೆ, ಗಲ್ಲಕ್ಕೆ, ಗಾಯದ ಕಲೆಗೆ ತೀಡುತ್ತಾಳೆ. ಕುದುರೆ ಬುಸುಗುಡುತ್ತದೆ. ಮತ್ತೆ ತೀಡುತ್ತಾಳೆ. ಕೊನೆಗೆ ಅದು ತಲೆ ತಗ್ಗಿಸಿ ಪಟ್ಟಿ ಹಾಕಿಸಿಕೊಳ್ಳುತ್ತದೆ.

"ಏನ್ ಹೆಣಿಗೆ ಮಾರಾಯ," ಎಂದು ಬಾಲ್ದೊಮೆರೊ ಒಸ್ಮಾರ್‌ನ ಬೆನ್ನು ತಟ್ಟುತ್ತಾನೆ. ಒಸ್ಮಾರ್ ಅತ್ತಿಗೆಯ ಮುಖ ನೋಡಿ, ತನ್ನ ಬೂಟಿನ ಕಡೆ ನೋಡಿಕೊಳ್ಳುತ್ತಾನೆ.

ಹೆರೆದವರು ಯಾರು ಅಂತ ಒಬ್ಬರಾದರೂ ಕೇಳಲಿ ಅನ್ನಿಸುವುದಿಲ್ಲವೇ ಎಂದು ಕೇಳಿದರೆ, ನಿಲ್ದಾ ನಾಳೆಯ ಎಳೆಗಳನ್ನು ನೀರಿಗೆ ಅದ್ದುತ್ತಲೇ ಹೇಳುತ್ತಾಳೆ:

"ಅಯ್ಯೋ ಬೇಡಪ್ಪ. ಕೇಳಿದವರು ಇಲ್ಲೇ ಕೂತ್ಕೊಂಡು ಮಾತಾಡ್ತಾರೆ, ತೊಗಲು ಒಣಗುತ್ತೆ."