ಸುಯ್ಯವ್ವನ ಪಾಲು

ನಮ್ಮ ಹಿತ್ತಲ ಕೊನೆಯ ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಮಗ್ಗುಲಿಗೆ, ಕಬ್ಬಿಣದ ಊದುಗೊಳವೆಯೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಮೊಳಕ್ಕಿಂತ ತುಸು ಉದ್ದ. ಬೆಂಕಿಯ ಕಡೆಯ ತುದಿ ಸುಟ್ಟು ಕರ್ರಗಾಗಿದೆ, ಬಾಯಿಡುವ ತುದಿ ತಲೆಮಾರುಗಳ ತುಟಿ ತಾಗಿ ತಾಗಿ ನುಣುಪಾಗಿದೆ. ಅಡುಗೆಮನೆಗೆ ಗ್ಯಾಸು ಬಂದು ಎಷ್ಟೋ ಕಾಲವಾಗಿದ್ದರೂ, ಮಾಳಿಗೆಯ ಮೇಲೆ ಸೋಲಾರು ಕೂತಿದ್ದರೂ, ತೋಟದ ಕಾಯಿಸಿಪ್ಪೆಯನ್ನು ಸುಮ್ಮನೆ ಕೊಳೆಯಲು ಬಿಡಲಾರದ ನನ್ನ ಅತ್ತೆ ಸ್ನಾನದ ನೀರನ್ನು ಆ ಒಲೆಯಲ್ಲೇ ಕಾಯಿಸುತ್ತಿದ್ದರು. ಬೆಳಗಿನ ಕಾಫಿ ಹಿಡಿದು ಕೂತವಳಿಗೆ ಹಿತ್ತಲಿನಿಂದ ಕೊಳವೆಯ ಸದ್ದು ಕೇಳುತ್ತಿತ್ತು: ಸುಯ್ಯ್ ಎಂದು ಒಮ್ಮೆ ಉದ್ದಕ್ಕೆ, ಸ್ವಲ್ಪ ಬಿಡುವು, ಮತ್ತೆ ಸುಯ್ಯ್. ನಮ್ಮ ಮನೆ ಏಳುತ್ತಿದ್ದದ್ದೇ ಆ ಸದ್ದಿಗೆ. ಈಗ ಅದೇ ಸದ್ದು ಕಿವಿಗೆ ಬಿದ್ದರೆ ನನ್ನ ಕೈಯಲ್ಲಿದ್ದದ್ದು ಜಾರಿ ಬೀಳುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಆ ಕೊಳವೆಗೆ ಒಂದು ಕಟ್ಟಳೆಯಿದೆ. ನಾನು ಅಜ್ಜಂಪುರದಿಂದ ಮದುವೆಯಾಗಿ ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿನ ಅಂಚಿನ ಈ ಊರಿಗೆ ಬಂದ ಹೊಸದರಲ್ಲಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆನ್ನೆ ಉಬ್ಬಿಸಿ ಊದುತ್ತಿದ್ದವಳ ಕೈಯಿಂದ ಅತ್ತೆ ಅದನ್ನು ಕಿತ್ತುಕೊಂಡೇ ಹೇಳಿದ್ದರು: "ಊದಿದ್ಮೇಲೆ ಕೊಳವೆ ಬಾಯಿಂದ ತೆಗ್ದು, ಮುಖ ಆಚೆ ತಿರುಗ್ಸಿ ಉಸ್ರು ತಗೋಬೇಕು ಕಣಮ್ಮ. ಬೆಂಕಿಗೆ ಕೊಟ್ಟಿದ್ನ ವಾಪಸ್ ಎಳ್ಕೋಬಾರ್ದು. ಎಳ್ಕೊಂಡ್ರೆ ಅದೂ ಜೊತೇಲಿ ಬತ್ತೈತೆ." ನಾನು ಕಡೂರಿನಲ್ಲಿ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಕೊಳವೆ ಬಾಯಲ್ಲಿರುವಾಗ ಉಸಿರೆಳೆದರೆ ಬಿಸಿ ಬೂದಿ ಗಂಟಲಿಗೆ ನುಗ್ಗುತ್ತದೆ, ಕಟ್ಟಳೆಯ ಒಳಗುಟ್ಟು ಅಷ್ಟೇ ಎಂದು ಮನಸ್ಸಿನಲ್ಲೇ ಉತ್ತರ ಬರೆದು ಅಂಕವನ್ನೂ ಹಾಕಿಕೊಂಡು ಸುಮ್ಮನಾದೆ. ಆದರೆ ಅಂದಿನಿಂದ ಪ್ರತಿ ಸಲವೂ ಮುಖ ಆಚೆ ತಿರುಗಿಸಿಯೇ ಉಸಿರು ತೆಗೆದುಕೊಂಡಿದ್ದೇನೆ, ಅದೂ ಬರೀ ಬೂದಿಗೆ ಹೆದರಿ ಅಲ್ಲ.

ಬೆಂಕಿಯ ವಿಷಯದಲ್ಲಿ ಅತ್ತೆಗೆ ಒಂದು ಸಿದ್ಧಾಂತವೇ ಇದೆ. ನಮ್ಮದು ಲಿಂಗ ಕಟ್ಟಿದ ಮನೆತನ. ಸತ್ತವರನ್ನು ನಾವು ಸುಡುವುದಿಲ್ಲ, ವಿಭೂತಿ ಹಚ್ಚಿ, ಕೂರಿಸಿ, ಮಣ್ಣಿಗೆ ಒಪ್ಪಿಸುತ್ತೇವೆ. ಹಾಗಾಗಿ ಬೇರೆ ಮನೆಗಳಲ್ಲಿ ಬೆಂಕಿಗೆ ಕೊನೆಗಾದರೂ ಸಿಕ್ಕೇ ಸಿಗುವ ಪಾಲು ನಮ್ಮ ಮನೆಯಲ್ಲಿ ಅದಕ್ಕೆ ಸಿಗುವುದಿಲ್ಲ, ಅದು ಅದಕ್ಕೂ ಗೊತ್ತಿದೆ, ಆ ಅಸಮಾಧಾನದಲ್ಲಿ ಅದು ಬದುಕಿರುವವರ ಮೇಲೇ ಕಣ್ಣಿಟ್ಟಿರುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೇ ದಿನವೂ ಮೊದಲ ರೊಟ್ಟಿಯ ಚೂರು ಒಲೆಗೆ. ಗ್ಯಾಸಿನ ಒಲೆಗೂ ಹಾಗೇ ಹಾಕುತ್ತ ಬಂದು ಬರ್ನರಿನ ತೂತುಗಳೆಲ್ಲ ಕಟ್ಟಿಕೊಂಡಾಗ, ರಿಪೇರಿಗೆ ಬಂದವನು "ಏನಮ್ಮಾ, ಒಲೆಗೇ ಊಟ ಹಾಕ್ತೀರಾ" ಎಂದು ನಕ್ಕಿದ್ದ. ಅತ್ತೆ ನಗಲಿಲ್ಲ. "ಹೂಂ ಕಣಪ್ಪ, ಹಾಕ್ತೀವಿ" ಎಂದರು. ಒಲೆ ಆರಿಸುವಾಗಲೂ ಅವರು ನೀರು ಸುರಿದವರಲ್ಲ. ಕೊಳ್ಳಿಗಳನ್ನು ಒಂದೊಂದಾಗಿ ಹಿಂದಕ್ಕೆಳೆದು, ಕೆಂಡದ ಮೇಲೆ ಬೂದಿ ಹೊದಿಸಿ, ಮಗುವನ್ನು ಮಲಗಿಸುವ ಹಾಗೆ ಆರಿಸುತ್ತಿದ್ದರು.

ಪಾಲು ಎಂದೆನಲ್ಲ, ಆ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ. ಕೆರೆಯಲ್ಲಿ ಮುಳುಗಿದವನು ನೀರುಪಾಲಾದ ಎನ್ನುತ್ತೇವೆ. ಗಳಿಸಿದ್ದೆಲ್ಲ ಮಣ್ಣುಪಾಲಾಯಿತು, ಬಣವೆ ಬೆಂಕಿಪಾಲಾಯಿತು, ಆಡಿದ ಮಾತು ಗಾಳಿಪಾಲಾಯಿತು. ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ. ಪಾಲು ಎಂದರೆ ಕದ್ದದ್ದಲ್ಲ, ಕಿತ್ತುಕೊಂಡದ್ದೂ ಅಲ್ಲ, ಹಕ್ಕಿನಿಂದ ಸಲ್ಲಬೇಕಾದದ್ದು. ಅಂದರೆ ಪಹಣಿಯಲ್ಲಿ ಹೆಸರಿಲ್ಲದ ನಾಲ್ವರು ಪಾಲುದಾರರು ಪ್ರತಿ ಮನೆಯಲ್ಲೂ ಇದ್ದಾರೆ ಎಂಬುದನ್ನು ಈ ಮಾತುಗಳನ್ನು ಕಟ್ಟಿದ ಹಿರಿಯರು ಒಪ್ಪಿಕೊಂಡೇ ಬದುಕಿದ್ದರು ಎಂದಾಯಿತು. ಕೆರೆ ಕೋಡಿ ಬಿದ್ದಾಗ ಮೊರದಲ್ಲಿ ಬಳೆ, ಕುಪ್ಪಸದ ಕಣ ಇಟ್ಟು ಬಾಗಿನ ಬಿಡುವುದು, ಬೋರು ಕೊರೆಸುವ ಮುನ್ನ ನೆಲಕ್ಕೆ ಹಾಲೆರೆಯುವುದು, ಇವನ್ನೆಲ್ಲ ಚಿಕ್ಕಂದಿನಲ್ಲಿ ನಾನು ಭಕ್ತಿ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದರಲ್ಲಿ ಭಕ್ತಿಗಿಂತ ಹೆದರಿಕೆಯೇ ಹೆಚ್ಚು. ದೊಡ್ಡ ಪಾಲು ಕೇಳದಿರಲಿ ಎಂದು ಮುಂಚಿತವಾಗಿ ಕೊಟ್ಟುಬಿಡುವ ಚಿಕ್ಕ ಪಾಲು ಅದು. ಪಂಚಭೂತದ ಭೂತಕ್ಕೂ ಹುಣಸೆಮರದ ಭೂತಕ್ಕೂ ನಾವು ಬೇರೆ ಬೇರೆ ಪದ ಹುಡುಕುವ ಗೋಜಿಗೇ ಹೋಗಿಲ್ಲ ನೋಡಿ.

ಬೆಂಕಿ, ನೀರು, ಮಣ್ಣು, ಈ ಮೂರಕ್ಕೆ ಹೀಗೆ ಏನಾದರೂ ಕೊಟ್ಟು ಸಮಾಧಾನ ಮಾಡಬಹುದು. ಗಾಳಿಗೆ ಏನು ಕೊಡುತ್ತೀರಿ, ಎಲ್ಲಿಟ್ಟು ಕೊಡುತ್ತೀರಿ? ಅದಕ್ಕೆ ಒಲೆಯಿಲ್ಲ, ದಡವಿಲ್ಲ, ಹೊಲವಿಲ್ಲ. ಮೂರ್ಛೆ ಹೋದವರ ಸುತ್ತ ನೆರೆದವರನ್ನು "ಸ್ವಲ್ಪ ಗಾಳಿ ಬಿಡ್ರಪ್ಪ" ಎಂದು ಚದುರಿಸುವ ಬಾಯಿಯೇ, ಮರುಗಳಿಗೆ "ಗಾಳಿ ಸೋಕೈತೆ" ಎಂದು ಪಿಸುಗುಡುತ್ತದೆ. ನಮ್ಮ ಕನ್ನಡದಲ್ಲಿ ಉಸಿರಾಡುವುದೂ ಗಾಳಿಯೇ, ಮೆಟ್ಟಿಕೊಳ್ಳುವುದೂ ಗಾಳಿಯೇ. ಬೇಸಿಗೆಯಲ್ಲಿ ಕಾವಲಿನ ಬಯಲಲ್ಲಿ ಸುಳಿಗಾಳಿ ಏಳುತ್ತದೆ, ಒಣಹುಲ್ಲು, ತರಗು, ಧೂಳನ್ನೆಲ್ಲ ಎತ್ತಿಕೊಂಡು ಆಳೆತ್ತರಕ್ಕೆ ನಿಂತು ನಡೆಯತೊಡಗುತ್ತದೆ; ಮೇಯುತ್ತಿರುವ ಅಮೃತಮಹಲ್ ದನಗಳು ಕೂಡ ತಲೆಯೆತ್ತಿ ದಾರಿ ಬಿಡುತ್ತವೆ. ಅದು ಹಾದುಹೋಗುವವರೆಗೆ ಅತ್ತೆ ಮಾತಾಡುವುದಿಲ್ಲ, ಹೋದ ಮೇಲೆ ಥೂ ಎಂದು ಪಕ್ಕಕ್ಕೆ ಉಗುಳುತ್ತಾರೆ. ಆ ಬಯಲಿಗೆ ಕಾವಲು ಎಂದು ಹೆಸರು. ಅಲ್ಲಿ ಯಾರು ಯಾರನ್ನು ಕಾಯುತ್ತಿದ್ದಾರೆ ಎಂದು ನನಗೆ ಒಮ್ಮೊಮ್ಮೆ ಗೊಂದಲವಾಗುತ್ತದೆ.

ನಾಲ್ಕನೇ ಕ್ಲಾಸು ಓದುವ ನನ್ನ ಮಗಳು ಸಿರಿಗೆ ಅಸ್ತಮಾ ಇದೆ. ಥಂಡಿಗೆ, ಧೂಳಿಗೆ, ಹೊಗೆಗೆ ಅವಳ ಎದೆ ಕಟ್ಟಿಕೊಂಡು ಒಳಗಿನಿಂದ ಸುಯ್ಯ್ ಎಂಬ ಸದ್ದು ಏಳುತ್ತದೆ, ಥೇಟು ಊದುಗೊಳವೆಯದೇ. ಹಂಡೆ ಒಲೆ ಉರಿಯುವಾಗ ಅವಳು ಹಿತ್ತಲಿಗೆ ಕಾಲಿಡುವಂತಿಲ್ಲ. ಸದ್ದು ಶುರುವಾದರೆ, ಪ್ಲಾಸ್ಟಿಕ್ಕಿನ ಉದ್ದ ಡಬ್ಬಿಯೊಂದರ ಹಿಂಬದಿಗೆ ಔಷಧಿಯ ಪಂಪು ಸಿಕ್ಕಿಸಿ, ಮುಂಬದಿಯನ್ನು ಅವಳ ಬಾಯಿಗಿಟ್ಟು, "ಎಳ್ಕೋ ಮಗಳೇ" ಎನ್ನಬೇಕು. ಅದೂ ಒಂದು ಕೊಳವೆಯೇ; ಅಜ್ಜಿಯದನ್ನು ಊದಬೇಕು, ಮೊಮ್ಮಗಳದನ್ನು ಎಳೆಯಬೇಕು. "ಒಂದು ಉಸಿರಿನಲ್ಲಿ ಒಂದು ಪೂರ್ತಿ ಮಾತು ಆಡ್ತಾಳಾ ನೋಡ್ಕೊಳ್ಳಿ, ಆಡಿದ್ರೆ ಭಯ ಇಲ್ಲ. ನಡುನಡುವೆ ನಿಂತ್ರೆ ಕರ್ಕೊಂಡು ಬನ್ನಿ" ಎಂದು ಡಾಕ್ಟರು ಹೇಳಿಕೊಟ್ಟಿದ್ದಾರೆ. ಅಂದಿನಿಂದ ಮಗಳ ಮಾತಿನ ಅರ್ಥ ನನಗೆ ತಡವಾಗಿ ತಲುಪುತ್ತದೆ. ಮೊದಲು ಅವಳು ಎಲ್ಲೆಲ್ಲಿ ನಿಂತಳು ಎಂದು ಕೇಳಿಸಿಕೊಳ್ಳುತ್ತೇನೆ.

ಅವಳಪ್ಪನ ಮೊಬೈಲಿನಲ್ಲಿ ಒಂದು ಆಟವಿತ್ತು. ಅದರಲ್ಲಿ ಬೆಂಕಿಯೊಳಗೆ ವಾಸಿಸುವ ಹಲ್ಲಿಯಂಥದ್ದು, ಅಲೆಯ ಕೂದಲಿನ ನೀರಹುಡುಗಿ, ತೆಳ್ಳನೆ ರೆಕ್ಕೆಯ ಗಾಳಿಯ ಹೆಣ್ಣು, ನೆಲದಡಿಯ ಗಡ್ಡದ ಕುಳ್ಳ. ಆಡುವವರು ಇವುಗಳಲ್ಲಿ ಒಂದನ್ನು ಜೊತೆಗಾರರಾಗಿ ಆರಿಸಿಕೊಳ್ಳಬೇಕು. ಮೊಬೈಲು ಕಿತ್ತಿಟ್ಟಾಗ ಅವಳು ರಟ್ಟು ಕತ್ತರಿಸಿ ತನ್ನವೇ ನಾಲ್ಕನ್ನು ಮಾಡಿಕೊಂಡು ಹೆಸರಿಟ್ಟಳು. ಬೆಂಕಿಯದು ಕೆಂಡಪ್ಪ, ನೀರಿನದು ಕೋಡಮ್ಮ. ಕೆಮ್ಮಣ್ಣುಗುಂಡಿಗೆ ಹೋಗಿದ್ದಾಗ ಆ ಹೆಸರಿನೊಳಗೆ ತನ್ನ ಕೆಮ್ಮನ್ನು ಕೇಳಿಸಿಕೊಂಡಿದ್ದವಳು ಮಣ್ಣಿನ ಕುಳ್ಳನಿಗೆ ಕೆಮ್ಮಣ್ಣ ಎಂದು ಹೆಸರಿಟ್ಟಳು. ಗಾಳಿಯವಳು ಸುಯ್ಯವ್ವ. ನಮ್ಮ ಯಜಮಾನರು ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ, "ಅವು ಆಟಕ್ಕೆ ಬರೋವಲ್ಲ ಕಣೇ, ತೆಗ್ದಿಡು" ಎಂದರು. ಸಿರಿ ಕೇಳಲಿಲ್ಲ. "ಸುಯ್ಯವ್ವ ನನ್ ಪಾರ್ಟಿ ಅಜ್ಜಿ. ಅವಳು ನನ್ನೊಳಗೇ ಇದಾಳೆ" ಎಂದಳು. ನನಗೆ ಅಲ್ಲಿ ನಿಲ್ಲಲಾಗದೆ ಒಳಗೆ ಹೋಗಿ ಪಾತ್ರೆ ತೊಳೆದೆ.

ಹೋದ ಬೇಸಿಗೆ, ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಮಧ್ಯಾಹ್ನ, ಕಾವಲಿನ ಹುಲ್ಲಿಗೆ ಬೆಂಕಿ ಬಿತ್ತು. ಯಾರು ಹಚ್ಚಿದರೋ, ಯಾರ ಬೀಡಿಯ ತುಂಡೋ. ಚಿಕ್ಕಂದಿನಲ್ಲಿ ತರೀಕೆರೆ ಕಡೆ ಹೋಗುವಾಗ ದೂರದ ಬೆಟ್ಟಸಾಲಿನ ಕಾಳ್ಗಿಚ್ಚು ನೋಡಿ ಚಂದ ಎಂದಿದ್ದವಳು ನಾನು. ಹತ್ತಿರ ಬಂದ ಬೆಂಕಿಯಲ್ಲಿ ಚಂದ ಕಾಣಲಿಲ್ಲ. ಉರಿ ಊರನ್ನು ಮುಟ್ಟಲಿಲ್ಲ, ಆದರೆ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಹೊಗೆ ಮುಟ್ಟಿತು. ಕಿಟಕಿಗಳನ್ನು ಹಾಕಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುವಷ್ಟರಲ್ಲಿ ಸಿರಿಯ ಎದೆಯ ಸದ್ದು ಎದ್ದಿತ್ತು. ಪಂಪು ಹಾಕಿದೆ, ಮತ್ತೆ ಹಾಕಿದೆ. ಸದ್ದು ಜೋರಾಗುತ್ತಲೇ ಹೋಯಿತು, ಆಮೇಲೆ ಇದ್ದಕ್ಕಿದ್ದಂತೆ ಕಡಿಮೆಯಾಗತೊಡಗಿತು. ನಾನು ನಿಜವಾಗಿ ಹೆದರಿದ್ದು ಆಗ. ಗಾಳಿ ಓಡಾಡದ ಎದೆಯಲ್ಲಿ ಸದ್ದೂ ಇರುವುದಿಲ್ಲ.

ಆಸ್ಪತ್ರೆಯಿರುವುದು ಕಡೂರಿನಲ್ಲಿ, ಕಡೂರಿನ ದಾರಿ ಹೋಗುವುದು ಕಾವಲನ್ನು ಸೀಳಿಕೊಂಡು. ಕಾರು ಹೊರಡುವಾಗ ಅತ್ತೆ ಕಿಟಕಿಯಿಂದ ಕೈ ತೂರಿಸಿ ಮಗುವಿನ ಹಣೆಗೆ ವಿಭೂತಿ ಒತ್ತಿದರು. ರಸ್ತೆಯ ಎರಡೂ ಕಡೆ ಹುಲ್ಲು ಚಿಟಿಚಿಟಿ ಎನ್ನುತ್ತಿತ್ತು, ಮುಂದೆ ಹೊಗೆಯ ಗೋಡೆ. ನಮ್ಮ ಯಜಮಾನರು ಗಾಜು ಏರಿಸಿ, ದೀಪ ಹಾಕಿಕೊಂಡು, ಕಾಣದ ರಸ್ತೆಗೆ ಕಾರು ನುಗ್ಗಿಸಿದರು. ಸಿರಿಯ ಮುಷ್ಟಿಯಲ್ಲಿ ರಟ್ಟಿನ ಸುಯ್ಯವ್ವ ಮುದುರಿಹೋಗಿದ್ದಳು. "ಅಮ್ಮಾ, ಸು..." ಎಂದಳು, ಆ ಹೆಸರನ್ನು ಮುಗಿಸುವಷ್ಟು ಉಸಿರು ಕೂಡ ಅವಳಲ್ಲಿರಲಿಲ್ಲ. ಆಗ ನಾನು ಮಾಡಿದ್ದನ್ನು ನನ್ನ ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನಾನು ಉಸಿರು ಬಿಗಿಹಿಡಿದು ಕೂತೆ. ಮುಚ್ಚಿದ ಕಾರಿನಲ್ಲಿ ಇರುವ ಗಾಳಿ ಇಷ್ಟೇ ಇಷ್ಟು, ನನ್ನ ಪಾಲಿನದನ್ನು ನಾನು ಮುಟ್ಟದಿದ್ದರೆ ಅದು ಅವಳಿಗೆ ಹೋಗುತ್ತದೆ ಎಂದು. ಹಾಗೆಲ್ಲ ಆಗುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಅದನ್ನೇ ಅಲ್ಲವೇ ನಾನು ಪಾಠ ಮಾಡುವುದು? ಆದರೂ ಕಣ್ಣಿಗೆ ಕತ್ತಲೆ ಬರುವವರೆಗೆ ಹಿಡಿದುಕೊಂಡೆ, ತಾಳಲಾರದೆ ಒಂದು ಗುಟುಕು ಎಳೆದುಕೊಂಡು ಮತ್ತೆ ಹಿಡಿದೆ. ತಗೋ, ಇದು ನಿನ್ನ ಪಾಲು, ಅವಳನ್ನು ಬಿಡು ಎಂದು ಯಾರಿಗೆ ಹೇಳುತ್ತಿದ್ದೆನೋ ಅವರ ಹೆಸರು ಮಾತ್ರ ನನ್ನ ಪುಸ್ತಕಗಳಲ್ಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಕಟ್ಟಿದರು, ಸೂಜಿ ಚುಚ್ಚಿದರು, ಸಂಜೆಯ ಹೊತ್ತಿಗೆ ಅವಳ ಉಗುರಿಗೆ ಬಣ್ಣ ಮರಳಿತು. ಚೇತರಿಸಿಕೊಂಡ ಮಗುವನ್ನು ಕರೆದುಕೊಂಡು ಮನೆಗೆ ಬಂದಾಗ ಹಿತ್ತಲಿನ ಒಲೆಯ ಬಾಯಲ್ಲಿ ಕಪ್ಪು ನೀರು ನಿಂತಿತ್ತು, ಅರೆಬೆಂದ ಕೊಳ್ಳಿಗಳು ಅದರಲ್ಲಿ ತೇಲುತ್ತಿದ್ದವು. "ನೀರು ಸುರಿದ್ರಾ ಅತ್ತೆ?" ಎಂದೆ.

"ಹೂಂ. ಬಿಂದಿಗೆಗಟ್ಲೆ ಸುರ್ದೆ. ನಾನೀ ಮನೆಗೆ ಬಂದಾಗ್ಲಿಂದ ತಿನ್ನಿಸ್ಕಂಡು ಬಂದಿದೀನಿ ಅದಕ್ಕೆ. ಕೊನೆಗೆ ಈ ಮಗೂನೇ ಬೇಕಾಯ್ತಾ ನಿಂಗೆ ಅಂತ ಕೇಳ್ದೆ."

ಆಮೇಲೆ ಅವರು ಆ ಒಲೆ ಹಚ್ಚಲಿಲ್ಲ. ಕಾಯಿಸಿಪ್ಪೆ ಹಿತ್ತಲಲ್ಲಿ ರಾಶಿ ಬಿದ್ದು ಕೊಳೆಯಿತು, ಕೊಳವೆ ಗೋಡೆಗೊರಗಿ ತುಕ್ಕು ಹಿಡಿಯತೊಡಗಿತು. ಅಡುಗೆಮನೆಯ ಬರ್ನರಿಗೆ ಮಾತ್ರ ರೊಟ್ಟಿಯ ಚೂರು ಬೀಳುವುದು ನಿಲ್ಲಲಿಲ್ಲ. ಮೊದಲಿಗಿಂತ ದೊಡ್ಡ ಚೂರೇ ಬೀಳುತ್ತಿತ್ತು.

ಮಳೆಗಾಲದಲ್ಲಿ ಸಿರಿ ಪಕ್ಕದ ಮನೆಯ ಹುಡುಗಿಯ ಜೊತೆ ರಟ್ಟಿನ ಆಟವನ್ನು ಮತ್ತೆ ಹರವಿದಳು. ಈ ಸಲ ಕೋಡಮ್ಮನನ್ನೋ ಕೆಮ್ಮಣ್ಣನನ್ನೋ ಆರಿಸಿಕೊಳ್ಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳು ಮುದುರಿದ ಸುಯ್ಯವ್ವನನ್ನೇ ನೀವಿ ನೀವಿ ನೆಟ್ಟಗೆ ಮಾಡಿ ಎತ್ತಿಕೊಂಡಳು. "ಮತ್ತೆ ಅವಳೇ ಯಾಕೆ?" ಎಂದು ಕೇಳಿದೆ. ಸಿರಿ ಕಿಟಕಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಬಿಟ್ರೆ ಅವಳಿಗೆ ಕೋಪ ಬರುತ್ತಮ್ಮ" ಎಂದಳು. ಸುಳಿಗಾಳಿ ಹಾದುಹೋಗುವಾಗ ಅತ್ತೆಯ ಕಣ್ಣಲ್ಲಿ ಕಂಡಿದ್ದೆನಲ್ಲ, ಅದೇ ನೋಟ. ಮೊದಲು ಪ್ರೀತಿಯಿಂದ ಆರಿಸಿಕೊಂಡವಳನ್ನು ಈಗ ಹೆದರಿ ಆರಿಸಿಕೊಂಡಿದ್ದಳು. ಹೊಲ, ತೋಟ, ಅತ್ತೆಯ ಸರ, ಎಲ್ಲಕ್ಕಿಂತ ಮೊದಲು ನನ್ನ ಮಗಳ ಪಾಲಿಗೆ ಬಂದದ್ದು ಈ ಹೆದರಿಕೆ, ಅದನ್ನು ಕೊಟ್ಟವರಲ್ಲಿ ನಾನೂ ಒಬ್ಬಳು.

ಮೊನ್ನೆ ಸಂಜೆ ಅಡುಗೆಮನೆಯಲ್ಲಿ ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅತ್ತೆ ಎದುರಿಗೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಹಿತ್ತಲಿನಿಂದ ಸುಯ್ಯ್ ಎಂಬ ಸದ್ದು ಬಂತು. ಒಲೆ ಆರಿ ತಿಂಗಳುಗಳಾಗಿವೆ, ಊದುವವರು ನನ್ನ ಎದುರಿಗೇ ಇದ್ದಾರೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು, ಇಬ್ಬರೂ ಓಡಿದೆವು. ಮಂಡಿನೋವಿನ ಅತ್ತೆ ನನಗಿಂತ ಮುಂದಿದ್ದರು.

ಸಿರಿ ತಣ್ಣನೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಮ್ಮ ಕಡೆ ಬೆನ್ನು ಹಾಕಿ, ಕೊಳವೆಗೆ ಬಾಯಿಟ್ಟು ಊದುತ್ತಿದ್ದಳು. "ಬೆಂಕಿ ಇಲ್ದಿರೋ ಒಲೆಗೆ ಊದ್ಬಾರ್ದು ಕಣೇ, ಕರ್ದಂಗಾಗ್ತೈತೆ" ಎಂದು ಅತ್ತೆ ಶುರು ಮಾಡಿದವರು ನಾನು ಕೈ ಹಿಡಿದದ್ದಕ್ಕೆ ಸುಮ್ಮನಾದರು. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟು ಕೇಳುತ್ತಿದ್ದೆ. ಸದ್ದು ಕೊಳವೆಯದೋ, ಎದೆಯದೋ? ಇಷ್ಟು ವರ್ಷ ಎರಡನ್ನೂ ಕೇಳಿದ ಕಿವಿಗೆ ಅಷ್ಟು ಹತ್ತಿರದಿಂದಲೂ ಗೊತ್ತಾಗಲಿಲ್ಲ. ಸಿರಿ ಕೊಳವೆಯನ್ನು ಬಾಯಿಂದ ತೆಗೆದಳು. ಸದ್ದು ನಿಂತಿತು. ಯಾರೂ ಹೇಳಿಕೊಡದಿದ್ದರೂ ಮುಖ ಆಚೆ ತಿರುಗಿಸಿ ಉಸಿರೆಳೆದುಕೊಂಡಳು, ಹಾಗೆ ತಿರುಗಿದಾಗ ನಮ್ಮನ್ನು ಕಂಡಳು.

"ಅಮ್ಮ ಡಾಕ್ಟ್ರು ದಿನಾ ಬಲೂನ್ ಊದು ಅಂದಿದ್ರಲ್ಲ ಅದು ಒಡೆದೋಯ್ತು ಅದಕ್ಕೆ ಅಜ್ಜಿ ಕೊಳವೆ ಊದ್ತಾ ಇದೀನಿ ನೋಡು ಇದು ಬಲೂನ್‌ಗಿಂತ ಚೆನ್ನಾಗಿ ಊದಕ್ಕಾಗುತ್ತೆ" ಎಂದಳು.

ಅಷ್ಟುದ್ದದ ಮಾತಿನಲ್ಲಿ ಅವಳು ಎಲ್ಲೂ ನಿಲ್ಲಲಿಲ್ಲ. ಅತ್ತೆ ಕೊಳವೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಬಾಯಿಡುವ ತುದಿಯ ತುಕ್ಕನ್ನು ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿ, ಮತ್ತೆ ಅವಳ ಕೈಗೇ ಕೊಟ್ಟರು. ನಾನು ಮುಖ ಆಚೆ ತಿರುಗಿಸಿ, ಆಮೇಲೆ ಉಸಿರೆಳೆದುಕೊಂಡೆ.