ಭೋಜ ಶೆಟ್ಟರ ಒಂಟಿ ಸ್ಟಾರು

ಶಿರ್ತಾಡಿಯ ಭೋಜ ಶೆಟ್ಟರು ಡಿಜಿಟಲ್ ಸಾಕ್ಷರರು. ಇದು ನನ್ನ ಮಾತಲ್ಲ, ಅವರ ಮನೆಯಲ್ಲಿ ದೇವರ ಫೋಟೋದ ಪಕ್ಕ ಲ್ಯಾಮಿನೇಶನ್ ಮಾಡಿಸಿ ತೂಗುಹಾಕಿದ ಸರ್ಟಿಫಿಕೇಟಿನ ಮಾತು. ಪಂಚಾಯತಿನ ಗ್ರಂಥಾಲಯದಲ್ಲಿ ಮೂರು ದಿನ ತರಬೇತಿ ನಡೆದಿತ್ತು. ಕೊನೆಯ ದಿನ, ಬರೆದದ್ದನ್ನು ಅಳಿಸುವುದು ಹೇಗೆಂದು ಕಲಿಸುವಾಗ ಮಾತ್ರ ಶೆಟ್ಟರು ಹೊರಗೆ ಜಗಲಿಯಲ್ಲಿ ಕೂತು ಧನ್ಯವಾದ ಸಮರ್ಪಣೆಯ ಭಾಷಣ ತಯಾರಿಸುತ್ತಿದ್ದರು.

ಕಲಿತದ್ದರಿಂದ ಲಾಭವಾಗಲಿಲ್ಲ ಎನ್ನುವಂತಿಲ್ಲ. ಕರೆಂಟ್ ಬಿಲ್ಲು ಕಟ್ಟಲು ಮೂಡುಬಿದಿರೆಗೆ ಹೋಗುವುದು ತಪ್ಪಿತು. ಬಿಲ್ಲಿನ ನೆಪದಲ್ಲಿ ಅಲ್ಲಿ ತಿನ್ನುತ್ತಿದ್ದ ಬನ್ಸೂ ತಪ್ಪಿತು. ದುಬೈಯಲ್ಲಿರುವ ತಮ್ಮನ ಮುಖ ದಿನಾ ಕಾಣುವಂತಾಯಿತು. ದಿನಾ ಕಂಡು ಕಂಡು ಇಬ್ಬರಿಗೂ ಆಡಲು ಮಾತೇ ಉಳಿಯಲಿಲ್ಲ.

ಆದರೆ ಶೆಟ್ಟರನ್ನು ನಿಜವಾಗಿ ಹಿಡಿದದ್ದು ರಿವ್ಯೂ ಬರೆಯುವ ಚಟ. ಹೋದ ಕಡೆಗೆಲ್ಲ ಸ್ಟಾರು ಕೊಡುವುದು. ಬಸ್ ಸ್ಟ್ಯಾಂಡಿಗೆ ಎರಡು. ಹಲ್ಲಿನ ಡಾಕ್ಟರಿಗೆ ಮೂರು. ಶ್ಮಶಾನಕ್ಕೆ ನಾಲ್ಕು: ‘ನೆರಳು ಉಂಟು, ಬೆಂಚು ಸಾಲದು.’ ಅವರ ಹೆಬ್ಬೆರಳು ದಪ್ಪ, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಹಾಗಾಗಿ ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುತ್ತಿದ್ದರು. ಫೋನಿಗೆ ಬರುವುದು ಕನ್ನಡ ಮಾತ್ರ. ಶೆಟ್ಟರೋ ಕನ್ನಡದಲ್ಲಿ ಶುರುಮಾಡಿ, ಸಿಟ್ಟು ಏರಿದ ಹಾಗೆ ತುಳುವಿಗೆ ಇಳಿಯುವವರು. ಆಗ ‘ಇಲ್ಲ’ ಎಲ್ಲ ‘ಇಜ್ಜಿ’ ಆಗುತ್ತದೆ. ಬರೆಸಿದ್ದನ್ನು ಮತ್ತೆ ಓದಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ತನ್ನ ಮಾತನ್ನು ತಾನೇ ಅನುಮಾನಿಸಿದ ಹಾಗಾಗುತ್ತದಲ್ಲ!

ಒಮ್ಮೆ ಬಂಟ್ವಾಳಕ್ಕೆ ಹೋದವರು ಮೆಲ್ಕಾರ್‌ನ ಹೋಟೆಲೊಂದರಲ್ಲಿ ಗೋಳಿಬಜೆ ತಿಂದರು. ಮೆಚ್ಚಲಿಲ್ಲ. ಬಸ್ಸಿಗೆ ಕಾಯುತ್ತಾ ಫೋನನ್ನು ಬಾಯಿಯ ಹತ್ತಿರ ಹಿಡಿದು ಗುಡುಗಿದರು:

“ಗೋಳಿಬಜೆಯಲ್ಲಿ ರುಚಿ ಇಜ್ಜಿ! ಚಟ್ನಿಯಲ್ಲಿ ಉಪ್ಪು ಇಜ್ಜಿ! ಇಂಥ ಹೋಟೆಲು ಬೇರೆ ಎಲ್ಲಿಯೂ ಇಜ್ಜಿ!”

ಒಂದು ಸ್ಟಾರು ಕೊಟ್ಟು ಬಸ್ಸು ಹತ್ತಿದರು.

ತಿಂಗಳು ಕಳೆದ ಮೇಲೆ ಹೆಂಡತಿ ಕಾಂತಿ ಮೆಲ್ಲಗೆ ವಿಷಯ ಎತ್ತಿದರು. ಬೆಳ್ತಂಗಡಿಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಸುಪ್ರೀತಾಳಿಗೆ ಅಲ್ಲಿಯೇ ಉಪನ್ಯಾಸಕನಾಗಿರುವ ಅಶ್ವಿತ್ ಇಷ್ಟವಂತೆ. ಮದುವೆಯಾದರೆ ಅವನನ್ನೇ ಅಂತೆ.

“ಒಳ್ಳೆ ಜನ. ಮೆಲ್ಕಾರ್‌ನಲ್ಲಿ ಹೋಟೆಲ್ ಉಂಟು. ಆದಿತ್ಯವಾರ ಬರ್ಲಿಕ್ಕೆ ಹೇಳಿದ್ದಾರೆ.”

“ಯಾವ ಹೋಟೆಲು?”

ಕಾಂತಿ ಹೆಸರು ಹೇಳಿದರು. ಶೆಟ್ಟರು ಫೋನು ಹಿಡಿದುಕೊಂಡು ಕೊಟ್ಟಿಗೆಯ ಹಿಂದೆ ಓಡಿದರು. ಹೋಟೆಲಿನ ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ, ಸನ್ಮಾನದ ಮುಂಡಾಸು ಸುತ್ತಿದ ಅವರದೇ ಫೋಟೋ. ಕೆಳಗೆ ಒಂಟಿ ಸ್ಟಾರು. ಮುಂದೆ ಓದುವ ಧೈರ್ಯವಾಗದೆ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿಕೊಂಡೇ ಫೋನಿಗೆ ಆಜ್ಞೆ ಮಾಡಿದರು: “ಅಳಿಸು!”

ಫೋನು ವಿಧೇಯ. ಅಳಿಸುವ ಹಾಡುಗಳನ್ನೆಲ್ಲ ಹುಡುಕಿ, ಒಂದನ್ನು ದೊಡ್ಡ ದನಿಯಲ್ಲಿ ಹಾಡತೊಡಗಿತು.

“ಎಂಥದು ಮಾರಾಯ್ರೆ,” ಅಡುಗೆಮನೆಯಿಂದ ಕಾಂತಿ ಕೂಗಿದರು, “ಹುಡುಗಿಯನ್ನು ಇನ್ನೂ ಒಪ್ಪಲಿಲ್ಲ ಅವರು, ನಿಮ್ಮದು ಈಗ್ಲೇ ಅಳುವುದಾ?”

ಮಗಳನ್ನು ಕೇಳಿದ್ದರೆ ಚಿಟಿಕೆಯಲ್ಲಿ ಅಳಿಸಿ ಕೊಡುತ್ತಿದ್ದಳು. ಆದರೆ ಸರ್ಟಿಫಿಕೇಟು ಇರುವ ಮನುಷ್ಯ ಹಾಗೆಲ್ಲ ಕೇಳಲಿಕ್ಕೆ ಉಂಟೇ?

ಆದಿತ್ಯವಾರ ಹೆಂಡತಿ, ಮಗಳ ಜೊತೆ ಶೆಟ್ಟರು ಮಾಸ್ಕ್ ಹಾಕಿಕೊಂಡು ಹೊರಟರು. ಕೇಳಿದವರಿಗೆ ಕೆಮ್ಮು ಎಂದರು, ಕೇಳದವರ ಮುಂದೆ ಕೆಮ್ಮಿದರು. ಹೋಟೆಲಿನ ಹಿಂದೆಯೇ ಅಶ್ವಿತ್‌ನ ಮನೆ. ಅವನ ತಂದೆ, ಹೋಟೆಲಿನ ಯಜಮಾನ ದೂಮಪ್ಪ ರೈಗಳು ಕೈಹಿಡಿದು ಒಳಗೆ ಕರೆದು ಕೂರಿಸಿದರು. ಬಿಸಿ ಗೋಳಿಬಜೆಯೂ ಚಟ್ನಿಯೂ ಬಂದವು.

“ಮಾಸ್ಕ್ ತೆಗೀರಿ ಶೆಟ್ರೆ. ಅದರೊಳಗಿಂದ ತಿನ್ಲಿಕ್ಕೆ ಆಗ್ತದಾ?”

“ಕೆಮ್ಮು…”

“ಕೆಮ್ಮಿಗೆ ಗೋಳಿಬಜೆ ಒಳ್ಳೇದು,” ಎಂದರು ಹೋಟೆಲಿನವರು.

ಶೆಟ್ಟರು ಮಾಸ್ಕನ್ನು ಒಂದು ಬೆರಳು ಕೆಳಗಿಳಿಸಿದರು. ಇನ್ನೊಂದು ಬೆರಳು. ಮೀಸೆ ಕಂಡದ್ದೇ ತಡ, ರೈಗಳು ಎದ್ದು ನಿಂತರು.

“ಇದು ನೀವಾ! ಅಮ್ಮಾ, ಬೇಗ ಬನ್ನಿ! ಆ ಮುಂಡಾಸಿನ ಜನ ಸಿಕ್ಕಿದ್ರು!”

ಒಳಗಿನಿಂದ ಅವರ ತಾಯಿ ಪೂವಮ್ಮ ಸೌಟು ಹಿಡಿದುಕೊಂಡೇ ಬಂದರು. ಶೆಟ್ಟರು ಬಾಗಿಲು ಎಷ್ಟು ದೂರ ಎಂದು ನೋಡಿಕೊಂಡರು. ಮಗಳ ಕಡೆ ನೋಡಲಿಲ್ಲ. ರೈಗಳು ಫೋನು ತೆಗೆದು ಪುರಾಣ ಓದುವವರಂತೆ ಗಂಟಲು ಸರಿಮಾಡಿದರು:

“ಗೋಳಿಬಜೆಯಲ್ಲಿ ರುಚಿ ಅಜ್ಜಿ. ಚಟ್ನಿಯಲ್ಲಿ ಉಪ್ಪು ಅಜ್ಜಿ. ಇಂಥ ಹೋಟೆಲು ಬೇರೆ ಎಲ್ಲಿಯೂ ಅಜ್ಜಿ!”

ಶೆಟ್ಟರಿಗೆ ತಮ್ಮ ಕಿವಿಯ ಮೇಲೆಯೇ ಸಂಶಯ ಬಂತು. ತುಳುವರ ಮನೆಯಲ್ಲಿ ‘ಇಜ್ಜಿ’ ಯಾರಿಗೂ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಫೋನಿನಲ್ಲಿ ಕನ್ನಡ ಅಕ್ಷರದಲ್ಲಿ ಬಂದ ಹೊಗಳಿಕೆಯನ್ನು ಯಾರು ತಾನೇ ಕೆದಕಲು ಹೋಗುತ್ತಾರೆ?

“ಅರೆಯುವುದು ಇಷ್ಟು ವರ್ಷದಿಂದ ನಾನೇ,” ಎಂದರು ಪೂವಮ್ಮ, ಸೌಟು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಾ. “ತಿಂದವರು ಬಿಲ್ ಕೊಟ್ಟು ಹೋಗ್ತಾರೆ. ಒಳಗೆ ಒಂದು ಅಜ್ಜಿ ಇದ್ದಾಳೆ ಅಂತ ನಾಲಗೆಯಲ್ಲಿ ಹಿಡಿದವರು ನೀವೊಬ್ರೇ. ಅದರ ಮೇಲೆ ಒಂದನೇ ನಂಬರ್ ಸ್ಟಾರು ಬೇರೆ!”

ಸುಪ್ರೀತಾ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಶ್ವಿತ್ ತಟ್ಟೆ ಮುಂದೆ ಹಿಡಿಯುವ ನೆಪದಲ್ಲಿ ಶೆಟ್ಟರ ಕಿವಿಯ ಹತ್ತಿರ ಬಗ್ಗಿದ.

“ಸ್ಟಾರಿನ ಲೆಕ್ಕ ಅಜ್ಜಿಗೆ ನಾನು ಹೇಳ್ಲಿಲ್ಲ, ಮಾವ. ಹೇಳುವುದೂ ಇಲ್ಲ.”

‘ಮಾವ’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಶೆಟ್ಟರ ಕೆಮ್ಮು ನಿಂತಿತು. ಮಾಸ್ಕನ್ನು ಮಡಚಿ ಜೇಬಿಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು, ದೊಡ್ಡ ವಿಮರ್ಶಕರಂತೆ ಗೋಳಿಬಜೆ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಎಲ್ಲರೂ ಅವರ ಬಾಯಿಯನ್ನೇ ನೋಡಿದರು.

“ಇವತ್ತು ಹೇಗುಂಟು?” ಪೂವಮ್ಮ ಕೇಳಿದರು.

ಶೆಟ್ಟರು ನಿಧಾನವಾಗಿ ನುಂಗಿದರು.

“ಉಪ್ಪು,” ಎಂದರು, “ಅಜ್ಜಿ.”

ಪೂವಮ್ಮನ ಮುಖ ಅರಳಿತು. ಇನ್ನೊಂದು ಸೌಟು ಚಟ್ನಿ ಬಿತ್ತು.